ಶಸ್ತ್ರಚಿಕಿತ್ಸೆಯ ನಂತರದ ಒಂದು ವರ್ಷ: ತೀರದ ಕೆಲವು ಋಣಗಳು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈ ವಾರಕ್ಕೆ ಒಂದು ವರ್ಷ ತುಂಬಿತು. ನಡೆದದ್ದೆಲ್ಲ ನಿಮಗೆ ಗೊತ್ತಿರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ.

ವೈದ್ಯರಿಗೆ, ವಾರ್ಡಿನ ಸಿಸ್ಟರುಗಳಿಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಮುದ್ದೆ ಬಿಡಿ ಎನ್ನದೆ ಅದರ ಗಾತ್ರ ಇಳಿಸಿ ಪಕ್ಕದಲ್ಲಿ ಮೊಟ್ಟೆ, ಮೊಳಕೆಕಾಳು ಇರಲಿ ಎಂದ ಆಹಾರತಜ್ಞೆಗೆ ನಾನು ಋಣಿ.

ಹೆಚ್ಚು ಹೇಳಬೇಕಾಗಿರುವುದು ನನ್ನ ನಾದಿನಿಯ ಬಗ್ಗೆ. ಮದ್ದೂರಿನ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು, ಸಂಜೆಯ ಬಸ್ಸು ಹಿಡಿದು ಆಸ್ಪತ್ರೆಗೆ ಬಂದವಳು, ನನಗೆ ತೀರಾ ಕಷ್ಟವಾದ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಮರುದಿನದ ಕೂಲಿಯೂ ಹೋಯಿತು. ನೋವಿಗಿಂತ ನಾಚಿಕೆಯೇ ಹೆಚ್ಚಾಗಿ, ತಿಂದು ತಿಂದು ಬೆಳೆಸಿಕೊಂಡ ಮೈಗೆ ಇದು ಆಗಬೇಕಾದ್ದೇ ಎಂದು ಅತ್ತಾಗ ಅವಳು ಸಮಾಧಾನ ಹೇಳಲಿಲ್ಲ, ಸಿಟ್ಟಾದಳು: "ಸಕ್ಕರೆ ಕಾಯಿಲೆ ಬಂದಾಗ ನಮ್ಮಪ್ಪನಿಗೆ ಒಂದು ದಿನವಾದರೂ ಹೀಗೆ ಅಂದಿದ್ದೀರಾ ಅತ್ತಿಗೆ?" ನಾನು ಅಂದಿರಲಿಲ್ಲ. ಊರಿನವರು ಯಾರೂ ಅಂದಿರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ಮಹಿಳೆಯರಲ್ಲಿ ಸುಮಾರು 30 ಮಂದಿಯ ತೂಕ ಮಿತಿಗಿಂತ ಹೆಚ್ಚು. ತೂಕ ಸಾಲದವರೂ ಇದೇ ರಾಜ್ಯದಲ್ಲಿದ್ದಾರೆ. ಅವರನ್ನು ಕಂಡರೆ ಮರುಗುತ್ತೇವೆ, ದಪ್ಪಗಿರುವವರನ್ನು ಕಂಡರೆ ಉಪದೇಶ ಮಾಡುತ್ತೇವೆ. ಆ ಉಪದೇಶಗಳನ್ನು ಹೊತ್ತು ಹಾಸಿಗೆಯ ಪಕ್ಕಕ್ಕೆ ಬಂದ ನೆಂಟರನ್ನೆಲ್ಲ ಬಾಗಿಲಲ್ಲೇ ಮಾತನಾಡಿಸಿ ಕಳುಹಿಸಿದವಳೂ ಅವಳೇ. (ಕೆಲವರು ಇನ್ನೂ ಮುನಿಸಿಕೊಂಡಿದ್ದಾರೆ, ಅದರ ಬಗ್ಗೆ ನನಗೆ ಬೇಸರವಿಲ್ಲ.)

ಇದು ಅಂದಕ್ಕಾಗಿ ಮಾಡಿಸುವ ಚಿಕಿತ್ಸೆ ಎಂದು ವಿಮಾ ಕಂಪನಿ ಮೊದಲು ಅರ್ಜಿ ತಿರಸ್ಕರಿಸಿದಾಗ, ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯನ್ನು ಹುಡುಕಿ ತೆಗೆದವರು ನಮ್ಮ ಶಾಲೆಯ ಗುಮಾಸ್ತರು. ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಳೆಯುವ ಸೂಚ್ಯಂಕ) 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಮುಟ್ಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆಗಳಿದ್ದು ಬೇರೆ ಉಪಾಯಗಳು ಫಲಿಸದಿದ್ದರೆ, ವೈದ್ಯರ ಸಲಹೆಯ ಮೇರೆಗೆ ಮಾಡಿಸುವ ಈ ಶಸ್ತ್ರಚಿಕಿತ್ಸೆಯನ್ನು ಬೊಜ್ಜಿನ ಹೆಸರಿನಲ್ಲಿ ಹೊರಗಿಡಲಾಗದು ಎಂಬುದು ಅದರ ಸಾರ.

ಮೊದಲಿನ ಮತ್ತು ಈಗಿನ ಫೋಟೋ ಹಾಕಿ ಎಂದು ಹಲವರು ಕೇಳಿದ್ದೀರಿ; ಹಾಕುವುದಿಲ್ಲ. ವಿಮೆಗೆ ಬರೆದ ಪತ್ರಗಳ ನಕಲು ಬೇಕಾದವರು ಕೇಳಿ, ಸಂತೋಷದಿಂದ ಕಳುಹಿಸುತ್ತೇನೆ.