ಪಿಯಾನೊ, ತಂತಿವಾದ್ಯ: ಎಲ್ಲಿಂದ ಶುರು?

ಮಾನ್ಯ ಸಂಪಾದಕರೇ,

ಖ್ಯಾಲ್ ಕೇಳಿ ಪಳಗಿದ ಬೆಳಗಾವಿಯ ಕಿವಿಗೆ ಪಾಶ್ಚಾತ್ಯ ಸಂಗೀತವೂ ಒಗ್ಗುತ್ತದೆ. ಆದರೆ ದೊಡ್ಡ ಆರ್ಕೆಸ್ಟ್ರಾ ಬೇಡ, ನಾಲ್ಕೈದು ವಾದ್ಯಗಳ ಕೃತಿಯಿಂದ ಶುರು ಮಾಡಿ. ಮೊದಲಿಗೆ ಸಂಯೋಜಕ ಶೂಬರ್ಟ್ 1819ರಲ್ಲಿ ರಚಿಸಿದ ‘ಟ್ರೌಟ್’ ಕ್ವಿಂಟೆಟ್, ಅಂದರೆ ಐದು ವಾದ್ಯಗಳ ಕೃತಿ: ಪಿಯಾನೊ, ವಯಲಿನ್, ವಯೋಲಾ, ಚೆಲ್ಲೊ, ಡಬಲ್ ಬಾಸ್.

ಐದು ಭಾಗಗಳಲ್ಲಿ ನಾಲ್ಕನೆಯದನ್ನೇ ಮೊದಲು ಕೇಳಿ. ಅಲ್ಲಿ ಶೂಬರ್ಟರದೇ ‘ಟ್ರೌಟ್’ ಹಾಡಿನ ಧಾಟಿಯನ್ನು ಮೊದಲು ತಂತಿವಾದ್ಯಗಳಷ್ಟೇ ನುಡಿಸುತ್ತವೆ. ಆಮೇಲೆ ಅದರ ಮೊದಲ ರೂಪಾಂತರವನ್ನು ಪಿಯಾನೊ ಎತ್ತಿಕೊಳ್ಳುತ್ತದೆ. ಮೂರನೆಯ ರೂಪಾಂತರದಲ್ಲಿ ಧಾಟಿ ಚೆಲ್ಲೊ, ಡಬಲ್ ಬಾಸ್‌ಗಳ ಮಂದ್ರಕ್ಕಿಳಿದರೆ, ಮೇಲೆ ಪಿಯಾನೊ ದ್ರುತ ತಾನಿನಂತೆ ಸರಸರ ಓಡುತ್ತದೆ. ಎಂಥ ಸೊಗಸು! ಮೊಬೈಲ್ ಸ್ಪೀಕರಿನಲ್ಲಿ ಆ ಮಂದ್ರವೇ ಅಡಗಿಹೋಗುತ್ತದೆ, ಹೆಡ್‌ಫೋನ್ ಬೇಕೇ ಬೇಕು.

ಬಳಿಕ ಶೂಮನ್ನರ 1842ರ ಪಿಯಾನೊ ಕ್ವಿಂಟೆಟ್. ಸಂಯೋಜಕ ಬ್ರಾಮ್ಸರ ಕೃತಿಗಳು ಬಹಳ ದಟ್ಟ, ಕೊನೆಗಿರಲಿ. ನಮ್ಮೂರಿನ ಸಂಗೀತ ಸಭೆಗಳು ತಿಂಗಳಿಗೊಂದು ಸಂಜೆಯನ್ನಾದರೂ ಇದಕ್ಕೆ ಮೀಸಲಿಡಲಿ.

– ಸಂಗೀತಾಸಕ್ತರು, ಟಿಳಕವಾಡಿ, ಬೆಳಗಾವಿ