ಸೆವಿಲ್‌ನ ರಾತ್ರಿ ಅಂದರೆ ಬರೀ ಬಾರ್ ಅಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪ್ರವಾಸ ಪುಟದಲ್ಲಿ ಸ್ಪೇನಿನ ಸೆವಿಲ್ ಊರಿನ ಬಗ್ಗೆ ಬಂದ ಲೇಖನ ಓದಿದೆ. ದೊಡ್ಡ ಚರ್ಚು, ಅರಮನೆ, ಪ್ಲಾಸಾ ದೆ ಎಸ್ಪಾನ್ಯಾ ಚೌಕ ಎಲ್ಲದರ ವಿವರ ಚೆನ್ನಾಗಿತ್ತು. ಆದರೆ ಕೊನೆಗೆ ಬಂದಾಗ, ಕತ್ತಲಾದ ಮೇಲೆ ಅಲ್ಲಿ ಬಾರುಗಳದ್ದೇ ಕಾರುಬಾರು, ಮನೆಮಂದಿ ಜೊತೆ ಹೋದವರು ಬೇಗ ಹೋಟೆಲ್ ಸೇರಿಕೊಳ್ಳುವುದು ಒಳ್ಳೆಯದು ಅಂತ ಬರೆದಿದ್ದೀರಿ. ಆ ಮಾತಿಗೆ ನನ್ನ ತಕರಾರಿದೆ. ಗಂಡನ ಕೆಲಸದ ಸಲುವಾಗಿ ಕೆಲವು ವರ್ಷ ಆ ಊರಲ್ಲೇ ಇದ್ದವಳು ನಾನು. ಸೆವಿಲ್‌ಗೆ ಹೋಗಿ ಎಂಟು ಗಂಟೆಗೆ ರೂಮು ಸೇರಿಕೊಂಡರೆ ಊರು ನೋಡಿದ ಹಾಗೇ ಅಲ್ಲ. ಅಲ್ಲಿಯ ಜನ ಮನೆಯಿಂದ ಹೊರಗೆ ಕಾಲಿಡುವುದೇ ಆ ಹೊತ್ತಿಗೆ.

ಯಾಕೆ ಹಾಗೆ ಅಂದರೆ, ಮೊದಲ ಕಾರಣ ಬಿಸಿಲು. ಕಲಬುರಗಿ, ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜುಲೈ, ಆಗಸ್ಟಿನಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಚಂಡಮಾರುತಕ್ಕೆ ಹೆಸರಿಡುವುದು ನಮಗೆಲ್ಲ ಗೊತ್ತು, ಸೆವಿಲ್‌ನವರು 2022ರಲ್ಲಿ ಸುಡು ಬಿಸಿಲಿನ ದಿನಗಳಿಗೂ ಹೆಸರಿಡಲು ಶುರು ಮಾಡಿದರು, ಮೊದಲನೆಯದಕ್ಕೆ ಸೋಯೆ ಅಂತ ಹೆಸರು. ಸಿಯೆರ್ಪೆಸ್ ಅನ್ನುವ ಅಂಗಡಿ ಬೀದಿಯಲ್ಲಿ ಬೇಸಿಗೆ ಬಂತೆಂದರೆ ಈ ಕಡೆಯ ಮಾಳಿಗೆಯಿಂದ ಆ ಕಡೆಯ ಮಾಳಿಗೆಗೆ ಅಗಲವಾದ ಬಟ್ಟೆ ಕಟ್ಟಿ ನೆರಳು ಮಾಡುತ್ತಾರೆ. ಮಧ್ಯಾಹ್ನ ಊಟದ ಹೊತ್ತಾದರೆ ಸಣ್ಣಪುಟ್ಟ ಅಂಗಡಿಗಳ ಬಾಗಿಲು ಬೀಳುತ್ತದೆ. ಎರಡನೆಯ ಕಾರಣ ಗಡಿಯಾರ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ವೇಳೆಗೆ ಹೊಂದಿಸಿತು. ಎರಡನೇ ಮಹಾಯುದ್ಧ ಮುಗಿದ ಮೇಲೂ ಅದನ್ನು ಹಿಂದಕ್ಕೆ ತರಲಿಲ್ಲ. ಬೇಸಿಗೆಯಲ್ಲಿ ಯುರೋಪಿನಲ್ಲೆಲ್ಲ ಇನ್ನೂ ಒಂದು ಗಂಟೆ ಮುಂದೆ ಹಾಕುತ್ತಾರಲ್ವಾ, ಅದೂ ಸೇರಿ ಜೂನ್ ಕೊನೆಯಲ್ಲಿ ಸೆವಿಲ್‌ನಲ್ಲಿ ಸೂರ್ಯ ಮುಳುಗುವಾಗ ಹತ್ತಿರ ಹತ್ತಿರ ಒಂಬತ್ತೂ ಮುಕ್ಕಾಲು. ಅಂದ ಮೇಲೆ ಎಂಟು ಗಂಟೆ ಅಂದರೆ ಅಲ್ಲಿ ರಾತ್ರಿಯಲ್ಲ, ಇನ್ನೂ ಇಳಿಬಿಸಿಲು.

ನಮ್ಮ ಕಡೆಯಿಂದ ಹೋಗುವ ಪ್ಯಾಕೇಜ್ ಟೂರುಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಏಳಕ್ಕೆ ಎಬ್ಬಿಸುತ್ತಾರೆ. ಮಧ್ಯಾಹ್ನ ಮೂರರ ಬಿಸಿಲಲ್ಲಿ, ಊರಿನವರೆಲ್ಲ ಮನೆಯೊಳಗೆ ಇರುವಾಗ, ಇವರನ್ನು ಚರ್ಚಿನ ಮುಂದೆ ಸಾಲು ನಿಲ್ಲಿಸುತ್ತಾರೆ. ಸಂಜೆ ಏಳಕ್ಕೆ ಊಟ ಮುಗಿಸಿ ಬಸ್ಸು ಹತ್ತಿಸಿ ಊರಾಚೆಯ ಹೋಟೆಲಿಗೆ ಬಿಡುತ್ತಾರೆ. ನಮ್ಮ ಸಂಬಂಧಿಕರೊಬ್ಬರು ಹೀಗೇ ಬಂದಿದ್ದರು. ಅವರನ್ನು ನೋಡಲು ಹೋದರೆ, ಬೇಸಿಗೆಯ ಬೆಳಕು ಇನ್ನೂ ಕಿಟಕಿಯಲ್ಲಿ ಇರುವಾಗಲೇ ಪರದೆ ಎಳೆದುಕೊಂಡು ಮಲಗಲು ತಯಾರಾಗಿದ್ದರು. ಲಕ್ಷಗಟ್ಟಲೆ ಖರ್ಚು ಮಾಡಿ ಬಂದವರಿಗೆ ಹೀಗೆ ಆಗಬಾರದು. ನನಗೆ ಸಂಕಟ ಆಯಿತು.

ಹಾಗಾದರೆ ರಾತ್ರಿ ಏನು ಮಾಡಬೇಕು? ಮೊದಲು ಮಧ್ಯಾಹ್ನ ಮಲಗಿ. ನಿಜವಾಗಿಯೂ, ಎರಡು ಗಂಟೆ ನಿದ್ದೆ ಮಾಡಿ. ಸಂಜೆ ಎಂಟೂವರೆ ಹೊತ್ತಿಗೆ ಸ್ನಾನ ಮಾಡಿ ಹೊರಡಿ. ಎನ್‌ಕಾರ್ನಸಿಯೊನ್ ಚೌಕದಲ್ಲಿ ಮರದಿಂದ ಕಟ್ಟಿದ ದೊಡ್ಡ ಚಪ್ಪರದಂಥ ಕಟ್ಟಡ ಒಂದಿದೆ. 2011ರಲ್ಲಿ ಮುಗಿದದ್ದು. ಅಣಬೆಯ ಆಕಾರ ಅಂತ ಊರಿನವರು ಅದನ್ನು ಸೆತಾಸ್ ಅನ್ನುತ್ತಾರೆ. ಅದರ ತಲೆಯ ಮೇಲೆ ಏರಿಳಿಯುವ ಕಾಲುದಾರಿ ಇದೆ. ಟಿಕೆಟ್ ತೆಗೆದುಕೊಂಡು ಸೂರ್ಯ ಮುಳುಗುವ ಮುಂಚೆ ಮೇಲೆ ಹೋದರೆ ಇಡೀ ಹಳೇ ಊರು ಕಣ್ಣ ಮುಂದೆ ಇರುತ್ತದೆ, ನಡುವೆ ದೊಡ್ಡ ಚರ್ಚಿನ ಹಿರಾಲ್ದಾ ಗೋಪುರ. ಒಂದೊಂದೇ ದೀಪ ಹತ್ತುತ್ತವೆ. ಅದೇ ಕಟ್ಟಡದ ಕೆಳಗೆ, ಹಿಂದೆ ನೆಲ ಅಗೆಯುವಾಗ ಸಿಕ್ಕ ರೋಮನ್ ಕಾಲದ ಮನೆಗಳ ಅವಶೇಷ ಇವೆ, ಅದನ್ನು ಹಗಲಲ್ಲಿ ನೋಡಿಕೊಳ್ಳಿ.

ಅಲ್ಲಿಂದ ನಡೆದು ಸಾಲ್ವದೋರ್ ಚೌಕಕ್ಕೆ ಬನ್ನಿ. ಬಾರು ಬಾರು ಅಂತ ಹೆದರುವವರು ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಬೇಕು. ಚರ್ಚಿನ ಮೆಟ್ಟಿಲ ಮೇಲೆ, ಕಿತ್ತಳೆ ಮರಗಳ ಕೆಳಗೆ ಜನವೋ ಜನ. ಕೈಯಲ್ಲಿ ಗ್ಲಾಸು ಇರುತ್ತದೆ, ಹೌದು. ಆದರೆ ಆ ಗುಂಪಿನಲ್ಲಿ ಅಜ್ಜಿಯರಿರುತ್ತಾರೆ, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳಿರುತ್ತವೆ, ಚರ್ಚಿನ ಗೋಡೆಗೆ ಚೆಂಡು ಒದೆಯುವ ಎಂಟು ವರ್ಷದ ಹುಡುಗರಿರುತ್ತಾರೆ, ರಾತ್ರಿ ಹನ್ನೊಂದಕ್ಕೆ! ಅಲ್ಲಿ ಕುಡಿದು ತೂರಾಡುವವರನ್ನು ನಾನು ನೋಡಿದ್ದು ಬಹಳ ಕಡಿಮೆ, ನೋಡಿದರೂ ಹೆಚ್ಚಿನವರು ಹೊರಗಿನಿಂದ ಬಂದ ಪ್ರವಾಸಿಗರು. ಒಂದು ಸಣ್ಣ ಗ್ಲಾಸನ್ನು ಅರ್ಧ ತಾಸು ಹಿಡಿದುಕೊಂಡು ಮಾತಾಡುವುದು ಆ ಊರಿನ ರೀತಿ. ನೀವು ನಿಂಬೆ ಸೋಡಾ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಬಾರು ಅಂದರೆ ಅಲ್ಲಿ ಬೆಳಿಗ್ಗೆ ಕಾಫಿ ಕುಡಿಯುವ, ಮಧ್ಯಾಹ್ನ ಊಟ ಮಾಡುವ, ರಾತ್ರಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ನಮ್ಮ ಊರಿನ ಪರದೆ ಹಾಕಿದ ಬಾರನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಗೆ ಹೋಗಬೇಡಿ.

ಊಟದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಬ್ಯಾಗಿನ ತುಂಬ ಚಪಾತಿ, ಖಾರಾಪುಡಿ ತುಂಬಿಕೊಂಡು ಹೋಗುತ್ತಾರೆ. ಸಾನ್ತಾ ಕಾತಾಲಿನಾ ಚರ್ಚಿನ ಹತ್ತಿರ ಎಲ್ ರಿನ್‌ಕೊನ್‌ಸಿಯೊ ಅಂತ ಒಂದು ಹಳೇ ಹೋಟೆಲಿದೆ, 1670ರಿಂದ ನಡೆಯುತ್ತಿದೆ. ಬಾಗಿಲ ಹತ್ತಿರದ ಕಟ್ಟೆಯಲ್ಲಿ ಕುರ್ಚಿ ಇಲ್ಲ, ನಿಂತೇ ತಿನ್ನಬೇಕು. ತಲೆಯ ಮೇಲೆ ಹಂದಿಯ ತೊಡೆಗಳು ತೂಗುಬಿದ್ದಿರುತ್ತವೆ, ನಮ್ಮವರಿಗೆ ಅದನ್ನು ನೋಡಿದರೆ ಮುಜುಗರ ಆಗಬಹುದು. ಆದರೆ ಅಲ್ಲಿ ಕೇಳಬೇಕಾದ್ದು ಪಾಲಕ್ ಮತ್ತು ಕಾಬೂಲಿ ಕಡಲೆಯ ಪಲ್ಯ. ಬೆಳ್ಳುಳ್ಳಿ, ಜೀರಿಗೆ ಹಾಕಿ ಮಾಡಿದ್ದು. ಪುಟ್ಟ ತಟ್ಟೆಯಲ್ಲಿ ಬರುತ್ತದೆ, ಜೊತೆಗೆ ಬ್ರೆಡ್ಡು. ಮೊಟ್ಟೆಯನ್ನೂ ಮುಟ್ಟದ ನಮ್ಮ ಅತ್ತೆಯವರು ಅದನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ನೀವು ಒಂದೊಂದು ತಟ್ಟೆ ಕೇಳಿದ ಹಾಗೆ ಕಟ್ಟೆಯ ಆಚೆ ನಿಂತವರು ನಿಮ್ಮ ಮುಂದೆಯೇ ಮರದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಾ ಹೋಗುತ್ತಾರೆ. ದುಡ್ಡು ಕೊಟ್ಟ ಮೇಲೆ ಬಟ್ಟೆಯಿಂದ ಒರೆಸಿ, ಅದೇ ಜಾಗದಲ್ಲಿ ಮುಂದಿನವರ ಲೆಕ್ಕ.

ಬೇರೆ ಕಡೆ ಬದನೆಕಾಯಿ ಕರಿದು ಮೇಲೆ ಜೇನುತುಪ್ಪ ಅಥವಾ ಕಬ್ಬಿನ ಕಾಕಂಬಿ ಸುರಿದು ಕೊಡುತ್ತಾರೆ, ಅದೂ ಬಹಳ ರುಚಿ. ಟೊಮೆಟೊ, ಬ್ರೆಡ್ಡು, ಎಣ್ಣೆ ಸೇರಿಸಿ ರುಬ್ಬಿದ ತಣ್ಣನೆಯ ಸಾಲ್ಮೊರೇಖೊ ಕೇಳುವಾಗ ಮಾತ್ರ ಹುಷಾರು, ಮೇಲೆ ಹಂದಿಮಾಂಸದ ಚೂರು, ಬೇಯಿಸಿದ ಮೊಟ್ಟೆ ಉದುರಿಸಿ ಕೊಡುವುದು ರೂಢಿ. ಮಾಂಸ ಬೇಡ ಅಂತ ಮಾತ್ರ ಹೇಳಿದರೆ ಸಾಲದು, ಹಾಮೋನ್ (ಒಣಗಿಸಿದ ಹಂದಿ ತೊಡೆ) ಬೇಡ, ಮೊಟ್ಟೆ ಬೇಡ, ಮೀನು ಬೇಡ ಅಂತ ಒಂದೊಂದೇ ಬಿಡಿಸಿ ಹೇಳಬೇಕು. ಇನ್ನೊಂದು ವಿಷಯ, ಬಹಳ ಕಡೆ ಅಡುಗೆಮನೆ ಸಂಜೆ ಮುಚ್ಚಿರುತ್ತದೆ, ಮತ್ತೆ ಒಲೆ ಹಚ್ಚುವುದು ಎಂಟೂವರೆ, ಒಂಬತ್ತಕ್ಕೆ. ಟೂರಿನವರು ಏಳಕ್ಕೆ ಹೋಗಿ ಏನೂ ಸಿಗಲಿಲ್ಲ ಅಂತ ದೂರುವುದು ಇದೇ ಕಾರಣಕ್ಕೆ.

ಇನ್ನು ಫ್ಲಮೆಂಕೊ, ಅಂದರೆ ಹಾಡು, ಗಿಟಾರು, ಕುಣಿತ ಸೇರಿದ ಅಲ್ಲಿಯ ಕಲೆ. ಇದನ್ನು ತಪ್ಪಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. 2010ರಲ್ಲಿ ಯುನೆಸ್ಕೊ ಇದನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಸ್ಸುಗಟ್ಟಲೆ ಜನ ಕೂರಿಸಿ ಊಟದ ಜೊತೆ ತೋರಿಸುವ ಪ್ರದರ್ಶನ ಬೇಡ. ಕಾಸಾ ದೆ ಲಾ ಮೆಮೋರಿಯಾದಂಥ ಚಿಕ್ಕ ಜಾಗಕ್ಕೆ ಹೋಗಿ. ಹಳೇ ಮನೆಯ ಒಳಾಂಗಣ, ಮೈಕಿಲ್ಲ, ಸುಮಾರು ಒಂದು ತಾಸಿನ ಕಾರ್ಯಕ್ರಮ. ಒಬ್ಬರು ಹಾಡುವವರು, ಒಂದು ಗಿಟಾರು, ಚಪ್ಪಾಳೆಯ ತಾಳ, ಕುಣಿಯುವವರ ಹಿಮ್ಮಡಿ ಸದ್ದು. ನಮ್ಮ ಉತ್ತರ ಕರ್ನಾಟಕದವರಿಗೆ ಇದು ಬೇಗ ಹಿಡಿಸುತ್ತದೆ. ಸೊಲೆಯಾ ಅನ್ನುವ ಹಾಡಿನ ಬಗೆಗೆ ಹಿಂದೂಸ್ತಾನಿ ಸಂಗೀತದ ಏಕತಾಲದ ಹಾಗೆಯೇ 12 ಮಾತ್ರೆ, ಆದರೆ ಒತ್ತು ಬೀಳುವುದು 3, 6, 8, 10, 12ರ ಮೇಲೆ. ಕೂತಲ್ಲೇ ತೊಡೆ ಮೇಲೆ ಬೆರಳಿನಲ್ಲಿ ಎಣಿಸಿ ನೋಡಿ, ಎರಡು ಆವರ್ತ ಮುಗಿಯುವುದರೊಳಗೆ ಸಿಕ್ಕಿಬಿಡುತ್ತದೆ. ಹಾಡುಗಾರರು ಒಂದು ಸ್ವರವನ್ನು ಹಿಡಿದು ಜಗ್ಗಿ ಬಿಟ್ಟಾಗ ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಓಲೇ ಅನ್ನುತ್ತಾರೆ, ಧಾರವಾಡದ ಬೈಠಕ್‌ನಲ್ಲಿ ಕೇಳುಗರು ಕ್ಯಾ ಬಾತ್ ಅನ್ನುತ್ತಾರಲ್ಲ, ಅಷ್ಟೇ ಹೊತ್ತರಿತು.

ಈ ಹಾಡನ್ನು ಬೆಳೆಸಿದವರಲ್ಲಿ ಹಿತಾನೊ ಜನ ಮುಖ್ಯರು. ಇವರು ರೋಮಾ ಸಮುದಾಯದವರು. ಸಾವಿರ ವರ್ಷಕ್ಕೂ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು ಅಂತ ಭಾಷೆಯ ಅಧ್ಯಯನವೂ ವಂಶವಾಹಿಯ ಅಧ್ಯಯನವೂ ಹೇಳುತ್ತವೆ. ಸ್ಪೇನಿಗೆ ಬಂದದ್ದು 15ನೇ ಶತಮಾನದಲ್ಲಿ. ಸೆವಿಲ್‌ನಲ್ಲಿ ನದಿಯಾಚೆಯ ತ್ರಿಯಾನಾ ಅವರ ಕೇರಿಯಾಗಿತ್ತು. 20ನೇ ಶತಮಾನದ ನಡುವಿನಲ್ಲಿ ಅಲ್ಲಿಯ ಎಷ್ಟೋ ಮನೆಯವರನ್ನು ಎಬ್ಬಿಸಿ ಊರಂಚಿನ ಬಡಾವಣೆಗಳಿಗೆ ಸಾಗಿಸಿದರು. ಇವತ್ತು ತ್ರಿಯಾನಾದಲ್ಲಿ ಪ್ರವಾಸಿಗಳಿಗೆ ಹಾಡು ಕೇಳಿಸುತ್ತದೆ, ಹಾಡಿದ ಮನೆತನಗಳು ಬಹುಪಾಲು ಅಲ್ಲಿಲ್ಲ. ಇದನ್ನು ಗೈಡುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ನಿಮ್ಮ ಪತ್ರಿಕೆ ಬರೆದರೆ ಒಳ್ಳೆಯದು.

ತ್ರಿಯಾನಾಕ್ಕೆ ಹೋಗಲು 1852ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆ ಇದೆ. ರಾತ್ರಿ ಹನ್ನೆರಡರ ಹೊತ್ತಿಗೆ ಅದರ ಮೇಲೆ ನಡೆಯಿರಿ. ಕೆಳಗೆ ಗ್ವಾದಲ್ಕಿವೀರ್ ನದಿ, ದಂಡೆಯ ಮೇಲೆ 13ನೇ ಶತಮಾನದ ತೋರೆ ದೆಲ್ ಓರೊ ಗೋಪುರಕ್ಕೆ ದೀಪ ಹಾಕಿರುತ್ತಾರೆ. ಒಂದು ಪೈಸೆ ಖರ್ಚಿಲ್ಲ. ಇನ್ನು ಹರೆಯದವರಿಗೆ ಅಲಮೇದಾ ದೆ ಹೆರ್ಕ್ಯುಲೆಸ್ ಇದೆ, 1574ರಲ್ಲಿ ಮಾಡಿದ ಸಾರ್ವಜನಿಕ ಉದ್ಯಾನ, ಈಗ ಉದ್ದನೆಯ ಚೌಕ, ಒಂದು ತುದಿಗೆ ರೋಮನ್ ದೇವಾಲಯದಿಂದ ತಂದ ಎತ್ತರದ ಕಂಬಗಳು. ಸಂಗೀತ, ಗದ್ದಲ ಎಲ್ಲ ಅಲ್ಲಿ ಜಾಸ್ತಿ. ನನಗೆ ಅಷ್ಟು ಇಷ್ಟವಾಗಲಿಲ್ಲ, ನನ್ನ ಮಗನಿಗೆ ಬಹಳ ಇಷ್ಟ.

ಬೇಸಿಗೆಯಲ್ಲಿ ಹೋದವರಿಗೆ ಇನ್ನೂ ಎರಡು ಅನುಕೂಲ ಇವೆ. ಅಲ್ಕಾಸರ್ ಅರಮನೆಯ ತೋಟದಲ್ಲಿ ರಾತ್ರಿ ಸಂಗೀತ ಕಛೇರಿ ನಡೆಸುತ್ತಾರೆ. ಜಿಲ್ಲಾ ಆಡಳಿತದ ಕಟ್ಟಡದ ಅಂಗಳದಲ್ಲಿ ಬಯಲು ಸಿನಿಮಾ ತೋರಿಸುತ್ತಾರೆ. ಆದರೂ ನನ್ನನ್ನು ಕೇಳಿದರೆ ಜುಲೈ, ಆಗಸ್ಟ್ ಬೇಡ, ಊರಿನವರೇ ಬಹಳ ಮಂದಿ ಸಮುದ್ರದ ಕಡೆ ಹೋಗಿಬಿಟ್ಟಿರುತ್ತಾರೆ. ನಮ್ಮ ಮಕ್ಕಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳೇ ಅಲ್ಲಿಗೆ ಹೋಗಲು ಒಳ್ಳೆಯ ಕಾಲ.

ಹೆಚ್ಚಿನ ವರ್ಷ ಆ ಹೊತ್ತಿಗೆ ಊರಿನ ಎರಡು ದೊಡ್ಡ ಹಬ್ಬಗಳೂ ಬರುತ್ತವೆ. ಈಸ್ಟರ್‌ಗೆ ಮುಂಚಿನ ವಾರ ಸೆಮಾನಾ ಸಾನ್ತಾ. ಗುರುವಾರ ರಾತ್ರಿ ಶುರುವಾಗಿ ಶುಕ್ರವಾರ ಹಗಲಿನವರೆಗೆ ಊರು ಮಲಗುವುದೇ ಇಲ್ಲ. ಮೆರವಣಿಗೆಯಲ್ಲಿ ಯೇಸು, ಮೇರಿಯ ಮೂರ್ತಿ ಇಟ್ಟ, ಟನ್ನಿಗೂ ಜಾಸ್ತಿ ತೂಕದ ಪಲ್ಲಕ್ಕಿಯನ್ನು ಕತ್ತಿನ ಮೇಲೆ ಹೊತ್ತವರು ಅದರ ಸುತ್ತ ಇಳಿಬಿಟ್ಟ ಬಟ್ಟೆಯ ಒಳಗಿರುತ್ತಾರೆ, ಹೊರಗೆ ಕಾಣುವುದು ಅವರ ಪಾದ ಮಾತ್ರ. ಮುಂದೆ ನಿಂತ ಮುಖಂಡ ಲೋಹದ ಬಡಿಗೆಯನ್ನು ಟಕ್ ಅಂತ ಹೊಡೆದರೆ ಎಲ್ಲರೂ ಒಂದೇ ಸಲಕ್ಕೆ ಎತ್ತುತ್ತಾರೆ. ಕೆಲವೊಮ್ಮೆ ಮೇಲಿನ ಬಾಲ್ಕನಿಯಿಂದ ಯಾರಾದರೂ ಒಬ್ಬರೇ ಸಾಯೆತಾ ಅನ್ನುವ ಭಕ್ತಿಗೀತೆ ಹಾಡುತ್ತಾರೆ, ಮುಗಿಯುವವರೆಗೆ ಪಲ್ಲಕ್ಕಿ ನಿಲ್ಲುತ್ತದೆ, ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಇದು ಪೂಜೆ, ತಮಾಷೆಯಲ್ಲ. ಫೋಟೊ ಹುಚ್ಚಿನಲ್ಲಿ ಸಾಲಿನ ನಡುವೆ ನುಗ್ಗಬೇಡಿ ಅಂತ ನಮ್ಮವರಿಗೆ ಹೇಳಲೇಬೇಕು.

ಆಮೇಲೆ ಸಾಮಾನ್ಯವಾಗಿ ಎರಡು ವಾರ ಬಿಟ್ಟು ಫೇರಿಯಾ, ಜಾತ್ರೆ. ನಡುರಾತ್ರಿಗೆ ಹೆಬ್ಬಾಗಿಲ ದೀಪ ಹತ್ತಿಸಿದರೆ ಜಾತ್ರೆ ಶುರು. ಸಾವಿರಕ್ಕೂ ಜಾಸ್ತಿ ಡೇರೆಗಳಿದ್ದರೂ ಬಹುಪಾಲು ಮನೆತನ, ಸಂಘಗಳದ್ದು, ಕರೆಯದೆ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ನಿಂತು ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರಿಗೂ ತೆರೆದ ಸಾರ್ವಜನಿಕ ಡೇರೆಗಳೂ ಇವೆ, ಅಲ್ಲಿ ಅಜ್ಜಿ ಮೊಮ್ಮಗಳು ಜೋಡಿಯಾಗಿ ಸೆವಿಯಾನಾಸ್ ಕುಣಿಯುವುದನ್ನು ನೋಡಬಹುದು.

ಭಯದ ಮಾತು ಬಂದೇ ಬರುತ್ತದೆ. ರಾತ್ರಿ ಒಂದು ಗಂಟೆಗೆ ನಾನು ಒಬ್ಬಳೇ ಹಳೇ ಊರಿನ ಬೀದಿಗಳಲ್ಲಿ ನಡೆದು ಮನೆಗೆ ಬಂದಿದ್ದೇನೆ, ಬೀದಿಯಲ್ಲಿ ಬೇರೆ ಹೆಂಗಸರೂ ಇರುತ್ತಿದ್ದರು. ಜೇಬುಗಳ್ಳರು ಇದ್ದಾರೆ, ಪಾಸ್‌ಪೋರ್ಟ್ ರೂಮಿನಲ್ಲಿಡಿ, ಬ್ಯಾಗು ಮುಂದೆ ಹಾಕಿಕೊಳ್ಳಿ. ಹಳದಿ ಪಟ್ಟಿಯ ಬಿಳಿ ಟ್ಯಾಕ್ಸಿಗಳು ಸಿಗುತ್ತವೆ. ರಾತ್ರಿ ಬಸ್ಸುಗಳು ಪ್ರಾದೊ ದೆ ಸಾನ್ ಸೆಬಾಸ್ತಿಯಾನ್‌ನಿಂದ ಹೊರಡುತ್ತವೆ. ಹಾಗೇ, ಸಾನ್ತಾ ಕ್ರೂಸ್ ಕೇರಿಯ ಓಣಿಗಳ ಮನೆಗಳಲ್ಲಿ ಜನ ಮಲಗಿರುತ್ತಾರೆ, ಪ್ರವಾಸಿಗಳ ಗಲಾಟೆಯಿಂದ ಬೇಸತ್ತಿದ್ದಾರೆ. ಅಲ್ಲಿ ಕೂಗಾಡದೆ, ಸೂಟ್‌ಕೇಸ್ ಗಡಗಡ ಎಳೆಯದೆ ಹೋಗೋಣ.

ನನ್ನ ಕೋರಿಕೆ ಇಷ್ಟು. ನಿಮ್ಮ ಪತ್ರಿಕೆಯಲ್ಲಿ ಯುರೋಪ್ ಟೂರಿನ ಜಾಹೀರಾತು ವಾರ ವಾರ ಬರುತ್ತವೆ. ಅವುಗಳನ್ನು ನಂಬಿ ದುಡ್ಡು ಕಟ್ಟುವ ಓದುಗರಿಗೆ, ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಲು ಹೇಳಿ: ಸೆವಿಲ್‌ನ ಹೋಟೆಲ್ ಹಳೇ ಊರಿನಿಂದ ನಡೆದು ಹೋಗುವಷ್ಟು ಹತ್ತಿರ ಇದೆಯಾ, ಒಂದು ರಾತ್ರಿಯಾದರೂ ಏಳು ಗಂಟೆಯ ಊಟ ಬಿಟ್ಟು ನಮ್ಮ ಪಾಡಿಗೆ ಬಿಡುತ್ತೀರಾ? ಊರಾಚೆಯ ಹೋಟೆಲಿಗೆ ಒಪ್ಪಿಕೊಂಡವರು ರಾತ್ರಿ ಟ್ಯಾಕ್ಸಿಯ ದುಡ್ಡನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಲಿ. ಫ್ಲಮೆಂಕೊ ಟಿಕೆಟನ್ನು ಇಲ್ಲಿಂದಲೇ ತೆಗೆದಿಡಲಿ, ಚಿಕ್ಕ ಜಾಗಗಳು ಬೇಗ ತುಂಬಿಬಿಡುತ್ತವೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ಕಲಬುರಗಿ