ಡಮಾಸ್ಕಸ್ಸಿಂದ ಅಮ್ಮಂಗೆ

ಅಮ್ಮ,

ಮೊನ್ನೆ ಫೋನಲ್ಲಿ ನೀನು "ಗುರುತು ಪರಿಚಯ ಇಲ್ದಿರೋರ ಕೈಲಿ ತಿಂತೀಯಲ್ಲ, ಅವ್ರೆಲ್ಲ ಯಾರು, ಯಾಕ್ ಕೊಡ್ತಾರೆ" ಅಂತ ಕೇಳಿದೆ, ನಾನು ಬಾಯಿ ಬಿಡೋಷ್ಟರಲ್ಲಿ ಸಿಗ್ನಲ್ ಹೋಯ್ತು. ಬೆಟ್ಟದ ಮೇಲೆ ಹಂಗೇ, ಒಂದು ಬಂಡೆ ಹತ್ರ ಇರತ್ತೆ, ಹತ್ತು ಹೆಜ್ಜೆ ಮುಂದೆ ಹೋದ್ರೆ ಇರಲ್ಲ. ಇವತ್ತು ಊರಿಗೆ ಇಳಿದಿದೀನಿ, ಲೈಬ್ರರಿಲಿ ಕಂಪ್ಯೂಟರ್ ಸಿಕ್ಕಿದೆ, ಸಮಾಧಾನವಾಗಿ ಬರೀತೀನಿ. ಪುಟ್ಟ ಪ್ರಿಂಟ್ ತೆಗೆದುಕೊಡ್ತಾನೆ, ಅಜ್ಜಿಗೂ ಓದಿ ಹೇಳು.

ಊರ ಹೆಸರು ಡಮಾಸ್ಕಸ್. ಗಾಬರಿ ಆಗ್ಬೇಡ, ಸಿರಿಯಾದ್ದಲ್ಲ, ಅಮೆರಿಕದ ವರ್ಜೀನಿಯಾದ್ದು. ಸಣ್ಣ ಊರು, ನಾನು ನಡೀತಿರೋ ಟ್ರೇಲು, ಅಂದ್ರೆ ಬೆಟ್ಟ ಕಾಡಿನ ಕಾಲುದಾರಿ, ಊರಿನ ಮೇನ್ ರೋಡ್ ಮೇಲೇ ಹಾದು ಹೋಗತ್ತೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಇಲ್ಲಿಗೆ ಸುಮಾರು 750 ಕಿಲೋಮೀಟರ್ ಆಯ್ತು. ಜಾರ್ಜಿಯಾ, ನಾರ್ತ್ ಕೆರೊಲಿನಾ, ಟೆನೆಸ್ಸಿ ಮುಗೀತು. ಅಪಲೇಚಿಯನ್ ಟ್ರೇಲ್ ಪೂರ್ತಿ 14 ರಾಜ್ಯ, 3,500 ಕಿಲೋಮೀಟರ್, ಮೇಯ್ನ್‌ನಲ್ಲಿರೋ ಕಟಾಡಿನ್ ಬೆಟ್ಟದವರೆಗೆ. ನಾನು ಅಷ್ಟೆಲ್ಲ ಹೋಗಲ್ಲ ಅಂತ ಮೊದಲೇ ಹೇಳಿದೀನಿ, ರಜ ಇರೋದೇ ವೆಸ್ಟ್ ವರ್ಜೀನಿಯಾದ ಹಾರ್ಪರ್ಸ್ ಫೆರಿ ಅನ್ನೋ ಊರಿನವರೆಗೆ. ಅದಕ್ಕೇ ಇನ್ನೂ ಹತ್ತಿರ ಹತ್ತಿರ 900 ಇದೆ.

ದಾರಿ ತಪ್ಪತ್ತೆ ಅನ್ನೋ ಚಿಂತೆ ಬಿಡು. ಮರದ ಮೇಲೆ ಬಿಳೀ ಪಟ್ಟೆ ಬಳ್ದಿರ್ತಾರೆ, ಎರಡಿಂಚು ಅಗಲ ಆರಿಂಚು ಉದ್ದ, ಒಂದು ದಾಟಿದ್ರೆ ಮುಂದಿಂದು ಕಾಣತ್ತೆ. ನೀರಿಗೆ, ಶೆಲ್ಟರ್‌ಗೆ ಹೋಗೋ ಒಳದಾರಿಗೆ ನೀಲಿ ಪಟ್ಟೆ. ಶೆಲ್ಟರ್ ಅಂದ್ರೆ ಮೂರು ಗೋಡೆ ಒಂದು ಸೂರು, ನಾಲ್ಕನೇ ಕಡೆ ಪೂರ್ತಿ ಓಪನ್. ಕರಡಿ ಇರೋದ್ರಿಂದ ಊಟದ ಚೀಲ ತಂತಿಗೆ ಎತ್ತರದಲ್ಲಿ ನೇತಾಕಿ ಮಲಗೋದು. ಇದನ್ನ ಅಜ್ಜಿಗೆ ಓದ್ಬೇಡ.

ಈಗ ನೀನು ಕೇಳಿದ್ದಕ್ಕೆ ಬರ್ತೀನಿ. ರೋನ್ ಬೆಟ್ಟ ಹತ್ತಿದ ದಿನ ಮಧ್ಯಾಹ್ನದಿಂದ ಮಳೆ, ರಾತ್ರಿ ಆಲಿಕಲ್ಲು, ಸಾಕ್ಸು ಶೂ ಎಲ್ಲ ನೆಂದು ಬೆಳಗ್ಗೆ ಕಾಲು ಹಾಕಿದ್ರೆ ಐಸಲ್ಲಿ ಇಟ್ಟಂಗೆ, ಸ್ಟೋವ್ ಹಚ್ಚೋಕೂ ಬೆರಳು ಬಗ್ತಿರ್ಲಿಲ್ಲ, ಹಂಗೇ ಒಂದು ಮುಷ್ಟಿ ಕಡ್ಲೆಕಾಯಿ ಬೀಜ ತಿಂದು ಕಾರ್ವರ್ಸ್ ಗ್ಯಾಪ್‌ಗೆ ಇಳಿದೆ. ಗ್ಯಾಪ್ ಅಂದ್ರೆ ಎರಡು ಬೆಟ್ಟದ ನಡುವಿನ ತಗ್ಗು, ಅಲ್ಲಿ ಟಾರ್ ರೋಡು ಹಾದು ಹೋಗತ್ತೆ. ನೋಡ್ತೀನಿ, ಪಿಕಪ್ ಗಾಡಿ ಹಿಂದುಗಡೆ ಟಾರ್ಪಾಲ್ ಕಟ್ಕೊಂಡು ಗಂಡ ಹೆಂಡ್ತಿ, ಇಬ್ಬರಿಗೂ ಎಪ್ಪತ್ತು ದಾಟಿರಬೇಕು, ಗ್ಯಾಸ್ ಒಲೆ ಮೇಲೆ ಪ್ಯಾನ್‌ಕೇಕ್ ಹುಯ್ತಿದಾರೆ. ನನ್ನ ನೋಡಿ ಆಯಮ್ಮ ಹಾಯ್ ಅನ್ನೋಕೂ ಮುಂಚೆ ಒಂದು ಕುರ್ಚಿ ಎಳೆದು "ಕೂತ್ಕೊ" ಅಂದ್ರು. ಕಂಬಳಿ ಹೊದ್ದಿಸಿದ್ರು. ಪಕ್ಕದಲ್ಲಿ ಬೇಕನ್ ಕಾಯ್ತಿತ್ತು, ನಾನು ಮಾಂಸ ತಿನ್ನಲ್ಲ ಅಂದೆ, ಯಜಮಾನ್ರು ಏನೂ ಮಾತಾಡ್ಲಿಲ್ಲ, ಗಾಡಿ ಒಳಗಿಂದ ಬೇರೆ ಬಾಂಡ್ಲಿ ತೆಗೆದು ನಂಗೆ ಅಂತ ಬೆಣ್ಣೆ ಹಾಕಿ ಬೇರೇನೇ ಹುಯ್ದು ಕೊಟ್ರು. ಎಷ್ಟು ತಿಂದೆ ಅಂತ ಬರೆದ್ರೆ ನೀನು ನಂಬಲ್ಲ.

ದುಡ್ಡು ತೆಗೆದೆ, ಆಯಮ್ಮ ನನ್ನ ಕೈ ಮಡಚಿ ವಾಪಸ್ ಜೇಬಿಗೇ ಇಟ್ರು. ಯಾಕೆ ಇದೆಲ್ಲ ಮಾಡ್ತೀರಿ ಅಂತ ನೀನು ಕೇಳಿದ ಪ್ರಶ್ನೆನೇ ನಾನೂ ಕೇಳಿದೆ. ಯಜಮಾನ್ರು ಅಂದ್ರು, ಮನೇಲಿದ್ರೆ ಟಿವಿ ನೋಡ್ಬೇಕು ಅಷ್ಟೇ ತಾನೆ. ಆಯಮ್ಮ ಅಂದ್ರು, ಮನೇಲಿ ಇವ್ರು ಮಾಡಿದ್ದು ಯಾರೂ ತಿನ್ನಲ್ಲ, ಇಲ್ಲಾದ್ರೆ ಹಸಿದು ಬಂದಿರ್ತಾರೆ, ಬೇರೆ ದಾರಿ ಇಲ್ಲ, ತಿಂತಾರೆ. ಅಷ್ಟೇ ಅವ್ರ ಉತ್ತರ.

ನಂಗೆ ತಕ್ಷಣ ಅಪ್ಪ ಜ್ಞಾಪಕ ಬಂದ್ರು. ಶಿವರಾತ್ರಿ ಟೈಮಲ್ಲಿ ಧರ್ಮಸ್ಥಳಕ್ಕೆ ಹೋಗೋ ಪಾದಯಾತ್ರೆಯವ್ರಿಗೆ ಕೊಟ್ಟಿಗೆಹಾರ ರೋಡಲ್ಲಿ ಹಂಡೆ ಇಟ್ಕೊಂಡು ಮಜ್ಜಿಗೆ ಹಂಚ್ತಿದ್ರಲ್ಲ, ಯಾರಾದ್ರೂ ಹರಕೆನಾ ಅಂತ ಕೇಳಿದ್ರೆ "ಇಲ್ಲಪ್ಪ, ಮನೇಲಿ ಮೊಸರು ಜಾಸ್ತಿ ಇತ್ತು" ಅಂತಿದ್ರು. ಹಿಂದಿನ ದಿನ ಮೂರು ಮನೆಯಿಂದ ಮೊಸರು ಕೇಳಿ ತರಿಸ್ತಿದ್ದೋರು ಅವರೇ! ಆವಾಗ ನನ್ನ ಕೆಲಸ ಲೋಟ ಕೊಡೋದು. ಬೆಂಗಳೂರು ಕಡೆಯಿಂದ ನಡೆದು ಬಂದಿರೋರು, ಕೆಲವರು ಕುಡಿದು ಲೋಟ ಇಟ್ಟು ಒಂದು ಮಾತೂ ಆಡದೆ ಚಾರ್ಮಾಡಿ ಕಡೆ ಹೊರಟುಬಿಡೋರು, ನಂಗೆ ಸಿಟ್ಟು ಬರೋದು. ಇವಾಗ ಅವ್ರ ಜಾಗದಲ್ಲಿ ಕೂತಿದೀನಲ್ಲ, ಥ್ಯಾಂಕ್ಸ್ ಅನ್ನೋಕೂ ಮೈಯಲ್ಲಿ ಒಂಚೂರು ಶಕ್ತಿ ಉಳಿದಿರ್ಬೇಕು ಕಣಮ್ಮ.

ನಿಜ ಹೇಳ್ಬೇಕು ಅಂದ್ರೆ ನಡೆಯೋದಕ್ಕಿಂತ ಕಷ್ಟ ಆಗಿದ್ದು ಇದೇ, ತಗೊಳ್ಳೋದು. ನಮ್ಮನೇಲಿ ಯಾವಾಗ್ಲೂ ಕೊಟ್ಟು ಅಭ್ಯಾಸ. ಯಾರಾದ್ರೂ ಒಂದು ಬಟ್ಲು ಪಾಯಸ ಕಳಿಸಿದ್ರೆ ನೀನು ಆ ಬಟ್ಲನ್ನ ಖಾಲಿ ವಾಪಸ್ ಕಳಿಸಲ್ಲ. ಇಲ್ಲಿ ಬಟ್ಲು ವಾಪಸ್ ಕೊಡೋಕೆ ಆಗೋದೇ ಇಲ್ಲ, ಹೆಸರು ಕೇಳೋಷ್ಟರಲ್ಲಿ ಅವ್ರ ದಾರಿ ಅವ್ರಿಗೆ ನಮ್ಮ ದಾರಿ ನಮಗೆ. ನ್ಯೂಫೌಂಡ್ ಗ್ಯಾಪ್‌ನಲ್ಲಿ ರೇಷನ್ ಮುಗ್ದಿತ್ತು, ಗ್ಯಾಟ್ಲಿನ್‌ಬರ್ಗ್ ಪೇಟೆಗೆ ಸುಮಾರು 24 ಕಿಲೋಮೀಟರ್, ಲಿಫ್ಟ್ ಕೇಳಲೇಬೇಕು (ಒಬ್ಬಳೇ ಅಲ್ಲ, ಇನ್ನೊಬ್ಬಳು ಹುಡುಗಿ ಜೊತೆಗಿದ್ಲು, ಬೈಬೇಡ). ಗಾಡಿ ನಿಲ್ಸಿದೋಳು ಹಿಂದಿನ ಸೀಟಲ್ಲಿ ಮಗು ಮಲಗಿಸಿಕೊಂಡಿದ್ಲು. ನಮ್ಮಿಬ್ಬರ ಮೈ ವಾಸನೆಗೆ ಆ ಚಳೀಲೂ ನಾಲ್ಕೂ ಕಿಟಕಿ ಇಳಿಸಿದ್ಲು ಪಾಪ, ಆದ್ರೂ ಅಂಗಡಿ ಬಾಗ್ಲಿಗೇ ಬಿಟ್ಟು ಹೋದ್ಲು.

ಅಜ್ಜಿಗೆ ಒಂದು ಕಥೆ. 1955ರಲ್ಲಿ ಎಮ್ಮಾ ಗೇಟ್‌ವುಡ್ ಅಂತ 67 ವರ್ಷದ ಅಜ್ಜಿ ಈ ಟ್ರೇಲನ್ನ ಒಬ್ರೇ ಪೂರ್ತಿ ನಡೆದ್ರು. ಹನ್ನೊಂದು ಮಕ್ಕಳ ತಾಯಿ, ಗಂಡ ಹೊಡೀತಿದ್ದ, ಅವನನ್ನ ಬಿಟ್ಟು ಬಂದೋರು. ಟೆಂಟ್ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ, ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲ್ಕೊಂಡಿದ್ದ ಚೀಲ, ಮಳೆಗೆ ಬಚ್ಚಲುಮನೆ ಪರದೆ. ಮನೇಲಿ ಮಕ್ಕಳಿಗೆ ವಾಕಿಂಗ್ ಹೋಗಿ ಬರ್ತೀನಿ ಅಂತಷ್ಟೇ ಹೇಳಿದ್ರಂತೆ. ದಾರೀಲಿ ಸಿಕ್ಕ ಮನೆಗಳಲ್ಲಿ ಎಷ್ಟೋ ಸಲ ಊಟ ಮಾಡಿ ಮಲಗಿದಾರೆ. ಆಮೇಲೆ 1957ರಲ್ಲಿ ಇನ್ನೊಂದ್ ಸಲ ನಡೆದ್ರು, ಮೂರನೇ ಸಲದ್ದನ್ನ ಬಿಡಿಬಿಡಿಯಾಗಿ ನಡೆದು 1964ರಲ್ಲಿ ಮುಗಿಸಿದ್ರು. ಅಜ್ಜಿ ಮಂಡಿ ನೋವು ಅಂತ ತೋಟಕ್ಕೂ ಹೋಗ್ತಿಲ್ಲ ಅಂದ್ಯಲ್ಲ, ಇದನ್ನ ಹೇಳಿ ನೋಡು, ಬೈತಾರೆ ಗ್ಯಾರಂಟಿ.

ಎಲ್ಲ ಚೆನ್ನಾಗೇ ಇದೆ ಅಂತ ಬರೆದ್ರೆ ಸುಳ್ಳಾಗತ್ತೆ. ಕೆಲವು ಹುಡುಗ್ರು ರೋಡ್ ಹತ್ರ ಬರ್ತಿದ್ದಂಗೆ ಇವತ್ತು ಯಾರು ತಿನ್ನೋಕೆ ಏನು ತಂದಿರ್ಬೋದು ಅಂತ ಲೆಕ್ಕ ಹಾಕೋಕೆ ಶುರು ಮಾಡ್ತಾರೆ, ಬರೀ ಸೋಡಾ ಇದ್ರೆ ಮುಖ ಸಪ್ಪೆ ಮಾಡ್ಕೊಳ್ತಾರೆ. ನೋಡ್ಕೊಳ್ಳೋಕೆ ಯಾರೂ ಇಲ್ದೆ ತಿಂಡಿ ತುಂಬಿದ ಐಸ್ ಡಬ್ಬ ಬಿಟ್ಟು ಹೋಗೋರೂ ಇದಾರೆ, ಕಸ ಆಗತ್ತೆ, ಕರಡಿ ಬರತ್ತೆ, ಟ್ರೇಲ್ ನೋಡ್ಕೊಳ್ಳೋ ಸಂಸ್ಥೆಯವ್ರು ಬೇಡ ಅಂತಾನೇ ಹೇಳ್ತಾರೆ.

ಇನ್ನೊಂದು ವಿಷ್ಯ ಮನಸ್ಸಲ್ಲಿ ಕೊರೀತಾ ಇದೆ. ಹಿಂದೆ ಒಂದು ಊರಲ್ಲಿ ಅಂಗಡಿ ಹೊರಗೆ ಬ್ಯಾಗ್ ಇಟ್ಕೊಂಡು ಕೂತಿದ್ದೆ, ಕೊಳಕು ಬಟ್ಟೆ, ಕೆದರಿದ ತಲೆ, ಒಬ್ರು ಬಂದು ಹೈಕರಾ ಅಂತ ಕೇಳಿ ಸ್ಯಾಂಡ್‌ವಿಚ್ ಕೊಡಿಸಿದ್ರು. ಅದೇ ಗೋಡೆ ಪಕ್ಕ ನನ್ನಷ್ಟೇ ಕೊಳಕಾಗಿ, ನನ್ನ ಬ್ಯಾಗಿನಂಥದೇ ಬ್ಯಾಗ್ ಇಟ್ಕೊಂಡು ಮನೆ ಇಲ್ದಿರೋ ಒಬ್ಬ ಮನುಷ್ಯ ಕೂತಿದ್ದ. ಅವನ ಕಡೆ ಯಾರೂ ತಿರುಗಿ ನೋಡ್ಲಿಲ್ಲ. ನಾನು ಅರ್ಧ ಮುರಿದು ಕೊಟ್ಟೆ, ತಗೊಂಡ. ಇಬ್ರೂ ಸುಮ್ನೆ ತಿಂದ್ವಿ. ನಾನು ಬೇಕು ಅಂತ ಬೀದೀಲಿ ಮಲಗ್ತಿರೋಳು, ಮನೆ ಇದೆ, ಅದು ಅವ್ರಿಗೂ ಗೊತ್ತು, ಅದಕ್ಕೇ ನಂಗೆ ಕೊಡೋದು ಸುಲಭ ಏನೋ. ಅಪ್ಪನ್ನ ಕೇಳು, ಪಾದಯಾತ್ರೆ ಇಲ್ದಿರೋ ದಿನ ಆ ರೋಡಲ್ಲಿ ಸುಸ್ತಾಗಿ ಬರೋರಿಗೆ ನಾವು ಏನು ಕೊಟ್ಟಿದೀವಿ ಅಂತ. ಜಗಳಕ್ಕಲ್ಲ, ನಂಗೇ ಉತ್ತರ ಗೊತ್ತಿಲ್ಲ.

ಈ ಕಡೆಯವ್ರು ಏನು ಶ್ರೀಮಂತರಲ್ಲ ಅಮ್ಮ. 2024ರ ಸೆಪ್ಟೆಂಬರಲ್ಲಿ ಹೆಲೀನ್ ಅಂತ ಚಂಡಮಾರುತ ಬಂದು ಈ ಬೆಟ್ಟಗಳಲ್ಲಿ ಭಾರೀ ಪ್ರವಾಹ ಆಯ್ತು. ಡಮಾಸ್ಕಸ್‌ಗೂ ನೀರು ನುಗ್ಗಿತ್ತು, ಇಲ್ಲಿಂದ ಮೇಲೆ ಹೋಗೋ ಹಳೇ ರೈಲು ದಾರಿ ಸೈಕಲ್ ಹಾದಿ ಆಗಿತ್ತು, ಅದರ ಸೇತುವೆಗಳು ಕೊಚ್ಕೊಂಡ್ ಹೋದ್ವು. ನಾನು ದಾಟಿ ಬಂದ ಹಾಟ್ ಸ್ಪ್ರಿಂಗ್ಸ್ ಪೇಟೆಯಲ್ಲೂ ಹಂಗೇ. 2019ರ ಆಗಸ್ಟಲ್ಲಿ ಚಾರ್ಮಾಡಿ ಘಾಟ್ ಕುಸಿದು ಮಲೆಮನೆ ಕಡೆ ಗುಡ್ಡ ಜಾರಿದಾಗ ನಮ್ಮೋರ ಮುಖ ಹೆಂಗಿತ್ತು, ಇಲ್ಲಿಯವ್ರು ಆ ದಿನದ ಮಾತು ಬಂದ್ರೆ ಹಂಗೇ ಆಗ್ತಾರೆ. ಟ್ರೇಲ್ ಮೇಲೆ ಸಾವಿರಾರು ಮರ ಬಿದ್ದಿತ್ತು, ಬಹಳಷ್ಟನ್ನ ಕತ್ತರಿಸಿ ದಾರಿ ಬಿಡಿಸಿದೋರು ಸಂಬಳ ಇಲ್ದೆ ಬರೋ ವಾಲಂಟಿಯರ್‌ಗಳು. ಅಪ್ಪಂಗೆ ಇದನ್ನ ಹೇಳು: ಕೆಲವು ಕಾಡಲ್ಲಿ ಮೆಷಿನ್ ಗರಗಸ ಬಳಸೋ ಹಾಗೇ ಇಲ್ಲ, ಕಾನೂನು, ಈ ಕಡೆ ಒಬ್ರು ಆ ಕಡೆ ಒಬ್ರು ಹಿಡಿದು ಎಳೆಯೋ ಉದ್ದ ಗರಗಸದಲ್ಲೇ ಕುಯ್ಬೇಕು.

ಊಟದ್ದು ಯೋಚನೆ ಬೇಡ. ಆಲೂಗಡ್ಡೆ ಪುಡಿ, ಬಿಸಿನೀರು ಹಾಕಿದ್ರೆ ಪಲ್ಯ ಥರ ಆಗತ್ತೆ, ಅದಕ್ಕೆ ನಿನ್ನ ಚಟ್ನಿಪುಡಿ. ನಮ್ಮ ತೋಟದ ಕಾಫಿಪುಡಿ ಬಟ್ಟೇಲಿ ಸೋಸಿ ಕುಡೀತೀನಿ, ಶೆಲ್ಟರಲ್ಲಿ ಪರಿಮಳ ಬಂದ ತಕ್ಷಣ ಎಲ್ರೂ ಕಪ್ ಹಿಡ್ಕೊಂಡು ಎದ್ದು ಬರ್ತಾರೆ. ಇಲ್ಲಿ ಎಲ್ರಿಗೂ ಒಂದು ಅಡ್ಡಹೆಸರು ಇಡ್ತಾರೆ, ನಂದು "ಫಿಲ್ಟರ್". ಪುಡಿ ಮುಗೀತಾ ಬಂತು, ಆದ್ರೆ ಊರಿಂದ ಪಾರ್ಸೆಲ್ ಕಳಿಸ್ಬೇಡಿ, ಸಿಗೋಷ್ಟರಲ್ಲಿ ನಾನು ಮುಂದೆ ಹೋಗಿರ್ತೀನಿ.

ನಾಳೆ ಬೆಳಗ್ಗೆ ಹೊರಡ್ತೀನಿ. ಮುಂದೆ ಗ್ರೇಸನ್ ಹೈಲ್ಯಾಂಡ್ಸ್, ಅಲ್ಲಿ ಬಯಲಲ್ಲಿ ಗಿಡ್ಡ ಕುದುರೆಗಳು ಓಡಾಡ್ತವಂತೆ, ಬ್ಯಾಗಿಗೆ ಬಾಯಿ ಹಾಕ್ತವಂತೆ. ಪಿಯರಿಸ್‌ಬರ್ಗ್ ತಲುಪಿದ್ಮೇಲೆ ಫೋನ್ ಮಾಡ್ತೀನಿ, ಅಲ್ಲೀತನಕ ಸಿಗ್ನಲ್ ಇಲ್ದಿದ್ರೆ ಪುಟ್ಟನ ತಲೆ ತಿನ್ಬೇಡ. ಮಳೆ ಶುರುವಾಯ್ತಾ? ಮೆಣಸಿನ ಬಳ್ಳಿಗೆ ಔಷಧಿ ಹೊಡೆದಾಯ್ತಾ? ಫೋಟೋ ಪುಟ್ಟಂಗೆ ಕಳಿಸಿದೀನಿ, ಕರಡಿ ಇರೋದು ಎರಡನೇದು, ಅಜ್ಜಿಗೆ ತೋರಿಸೋವಾಗ ಅದೊಂದು ಬಿಟ್ಟು ತೋರಿಸು ಅಂತ ಅವ್ನಿಗೆ ಹೇಳು.

ನಿನ್ನ,
ಮಗಳು